ಗಿಡದ ಹೆಸರಿಗೆ ಹಂಚಿದ ಸಕ್ಕರೆ

ಬಿ.ಜಿ. ಕೆರೆ, ಮೊಳಕಾಲ್ಮೂರು ತಾಲ್ಲೂಕು
12 ಜೂನ್ 2025

ತೇಜಶ್ರೀಗೆ ನಿನ್ನ ಅಜ್ಜಿ ಕರಿಯಕ್ಕ ಬರೆಯುವುದು.

ಇಲ್ಲಿ ನಾವೆಲ್ಲ ಉಂಡು, ತಿಂದು, ಜಗಳಾಡುವಷ್ಟು ಚೆನ್ನಾಗಿದ್ದೇವೆ. ನೀನು ಆ ಲಡಾಖಿನ ಬೆಟ್ಟದ ಮೇಲೆ, ಟವರ್ ಸಿಗದ ಜಾಗದಲ್ಲಿ ಹೋಗಿ ಕೂತಿದ್ದು ಒಂದು ರೀತಿ ಒಳ್ಳೆಯದೇ ಆಯಿತು. ಫೋನಿನಲ್ಲಿ ನೀನು ಹೇಳುವುದು ನನ್ನ ಕಿವಿಗೆ ಅರ್ಧ ಬೀಳುತ್ತಿರಲಿಲ್ಲ. ಉಳಿದರ್ಧವನ್ನು ನಿಮ್ಮಪ್ಪ ಮಾರುತೇಶ ಫೋನ್ ಕಿತ್ತುಕೊಂಡು ತಾನೇ ಮಾತಾಡಿಬಿಡುತ್ತಿದ್ದ. ಕಾಗದ ನನ್ನದು, ಯಾರೂ ಕಿತ್ತುಕೊಳ್ಳುವ ಹಾಗಿಲ್ಲ. ನನ್ನ ನಾಲ್ಕನೇ ಕ್ಲಾಸಿನ ಓದು ಇಷ್ಟು ವರ್ಷ ಬಸ್ಸಿನ ಬೋರ್ಡಿಗೇ ಸವೆದುಹೋಗುತ್ತಿತ್ತು. ಈಗ ಅದಕ್ಕೂ ಒಂದು ಕೆಲಸ ಸಿಕ್ಕಿತು.

ನಿನ್ನ ಕಾಗದ ಮೊನ್ನೆ ತಲುಪಿತು. ಹಿಮ ಬೀಳುವ ಎತ್ತರದಲ್ಲಿ ಮೈತುಂಬ ಉಣ್ಣೆ ಇರುವ ಒಂದು ಹೂವಿನ ಗಿಡ ಸಿಕ್ಕಿದೆ, ಅದು ಯಾವ ಪುಸ್ತಕದಲ್ಲೂ ಇಲ್ಲ, ಹೊಸದೇ ಅಂತ ಖಾತ್ರಿಯಾದರೆ ಅದಕ್ಕೆ ಅಜ್ಜಿಯ ಹೆಸರನ್ನೇ ಇಡುತ್ತೇನೆ ಅಂತ ಬರೆದಿದ್ದೀಯ. ಇದನ್ನು ಓದಿದ ಮೇಲೂ ಸುಮ್ಮನೆ ಕೂರಲು ನಾನೇನು ಬಾವಿಕಟ್ಟೆಯಾ? ಅಂಗಡಿಯಿಂದ ಸಕ್ಕರೆ ತರಿಸಿದೆ. ಹೆಸರಿಡುವ ಸಕ್ಕರೆ ಅಂತ ಬೀದಿಯುದ್ದಕ್ಕೂ ಹಂಚಿಬಿಟ್ಟೆ.

ಎದುರು ಮನೆ ಹುಲಿಯಪ್ಪ ಅಂಗೈಯಲ್ಲಿ ಸಕ್ಕರೆ ಹಿಡಿದುಕೊಂಡೇ ಶುರು ಮಾಡಿದ.

“ಏನ್ ಕರಿಯಕ್ಕಾ, ಯಾರ ಮನೇಲಿ ಕೂಸು?”

“ಕೂಸಲ್ಲ ಕಣೋ, ಗಿಡ. ನಮ್ ತೇಜು ನನ್ ಹೆಸರಿಡ್ತಾಳೆ.”

“ಯಾವ್ ಬಣ್ಣದ ಗಿಡ?”

“ಬೆಳ್ಳಗೈತಂತೆ, ಕುರಿಮರಿ ಇದ್ದಂಗೆ.”

“ಬೆಳ್ಳನೆ ಗಿಡಕ್ಕೆ ಕರಿಯಕ್ಕ! ಭಾಳ ಚೆನ್ನಾಗೈತೆ. ಮೊದ್ಲು ಹೆಸರು ಬರ್ಲಿ ತಾಯಿ. ಹುಟ್ಟೋಕೆ ಮುಂಚೆ ತೊಟ್ಲು ಕಟ್ತಾರಾ?”

“ಹಂಗಾದ್ರೆ ಸಕ್ಕರೆ ವಾಪಸ್ ಕೊಡು.”

ಕೊಡಲಿಲ್ಲ. ನನ್ನ ಮುಖ ನೋಡುತ್ತಲೇ ನೆಕ್ಕಿಬಿಟ್ಟ.

ಅವನು ಏನಾದರೂ ಅನ್ನಲಿ. ನನ್ನ ಹೆಸರನ್ನು ಈಗ ಹುಟ್ಟುವ ಕೂಸುಗಳಿಗೆ ಯಾರು ಇಡುತ್ತಾರೆ ಹೇಳು? ನಿನಗೇ ಇಡಬೇಕು ಅಂತ ನಾನು ಅಂದಾಗ ನಿಮ್ಮವ್ವ ಮುಖ ಹೇಗೆ ಮಾಡಿದ್ದಳು ಅಂತ ಇನ್ನೂ ಕಣ್ಣಲ್ಲಿದೆ. ಎಮ್ಮೆಕರುವಿಗೂ ಈಗ ಗೌರಿ, ಲಕ್ಷ್ಮಿಯೇ ಆಗಬೇಕು. ಅಂಥಾದ್ದರಲ್ಲಿ ಹಿಮಾಲಯದಲ್ಲಿ ಒಂದು ಹೂವು ನನ್ನ ಹೆಸರು ಹೊತ್ತು ನಿಲ್ಲುತ್ತದೆ ಅಂದರೆ ಸಕ್ಕರೆ ಹಂಚದೆ ಇನ್ನೇನು, ಬೇವು ಹಂಚಲಾ?

ಕಾಗದಕ್ಕೆ ಅಂಟಿಸಿದ್ದ ಬೀಜ ಜೋಪಾನವಾಗಿ ತೆಗೆದಿಟ್ಟಿದ್ದೇನೆ. ಅಲ್ಲಿ ಚಳಿ ಅಂತೀಯಲ್ಲ, ಚಳ್ಳಕೆರೆಗೆ ಹೋಗಿ ನಾನೇ ಆರಿಸಿ ತಂದ ಕರಿ ಕಂಬಳಿ ಪಾರ್ಸಲ್ ಮಾಡಿಸಿದ್ದೇನೆ. ಹೊಸದರಲ್ಲಿ ಚುಚ್ಚುತ್ತದೆ. ಆಮೇಲೆ ಅದೇ ನಿನ್ನ ಮಾತು ಕೇಳುತ್ತದೆ.

ಇತಿ ನಿನ್ನ ಅಜ್ಜಿ,
ಕರಿಯಕ್ಕ (ಗಿಡದವಳು)


ಲಡಾಖ್, ಕಣಿವೆಯ ಮೇಲಿನ ಟೆಂಟು
26 ಜೂನ್ 2025

ಪ್ರೀತಿಯ ಅಜ್ಜಿ,

ಕಂಬಳಿ ಬಂತು! ಜೀಪಿನವನು ಲೇಹ್ ಪೇಟೆಯಿಂದ ಅದನ್ನು ಹೆಗಲ ಮೇಲೆ ಹೊತ್ತು ತಂದ. ಟೆಂಟಿನಲ್ಲಿ ಎಲ್ಲರೂ ಮೂಸಿ ನೋಡಿದರು. ನಾನೂ ಮೂಸಿದೆ, ನಮ್ಮ ಮನೆ ಅಟ್ಟದ ವಾಸನೆ. ಅಳು ಬಂತು, ಅದರಿಂದಲೇ ಕಣ್ಣು ಒರೆಸಿಕೊಂಡೆ, ಚುಚ್ಚಿತು. ಆದರೆ ಅಜ್ಜಿ, ಒಂದು ಮೂಲೆ ಕತ್ತರಿಸಿದ ಹಾಗಿದೆಯಲ್ಲ? ಅಂಗಡಿಯವನು ನಿನಗೆ ಮೋಸ ಮಾಡಿದನಾ?

ಈ ಗಿಡವನ್ನು ನೀನು ನೋಡಬೇಕು. ಕಲ್ಲು ಬಿಟ್ಟರೆ ಏನೂ ಇಲ್ಲದ ಜಾಗದಲ್ಲಿ ಮುಷ್ಟಿಯಷ್ಟು ಗಾತ್ರದಲ್ಲಿ ಮುದುರಿಕೊಂಡು ಕೂತಿರುತ್ತದೆ, ನೀನು ಡಿಸೆಂಬರಿನಲ್ಲಿ ಜಗುಲಿ ಮೇಲೆ ಕೂರುವ ಹಾಗೆ. ಉಣ್ಣೆಯೊಳಗೆ ಹೊರಗಿನ ಗಾಳಿಗಿಂತ ಬೆಚ್ಚಗಿರುತ್ತದೆ. ಸಂಜೆಯಾದರೆ ದುಂಬಿಗಳು ಅದರೊಳಗೆ ನುಗ್ಗಿ ಮಲಗುತ್ತವೆ. ನಂಬುತ್ತೀಯೋ ಇಲ್ಲವೋ, ನಮ್ಮ ಹೊಲದ ಅಂಚಿನ ಕುಸುಬೆ ಇದಕ್ಕೆ ದೂರದ ನೆಂಟ. ಈ ಬೆಟ್ಟಗಳು ನೆಲದಿಂದ ಮೇಲೇಳುತ್ತಾ ಹೋದಾಗ ಇವುಗಳ ಪೂರ್ವಿಕರೂ ಮೇಲೇರಿದರು. ಒಂದೊಂದು ಕಣಿವೆಯಲ್ಲಿ ಸಿಕ್ಕಿಕೊಂಡವರು ಒಂದೊಂದು ಥರ ಆದರು. ಚಳಿ ತಡೆಯಲು ಕೆಲವು ಕುಳ್ಳಗಾದವು, ಕೆಲವು ದಿಂಬಿನಂತೆ ನೆಲಕ್ಕೆ ಅಂಟಿಕೊಂಡವು, ಕೆಲವು ಉಣ್ಣೆ ಬೆಳೆಸಿದವು. ತಮಾಷೆಯೆಂದರೆ, ಒಂದಕ್ಕೊಂದು ಏನೂ ಸಂಬಂಧವಿಲ್ಲದ ಗಿಡಗಳೂ ಇಲ್ಲಿ ಒಂದೇ ಥರ ಉಣ್ಣೆ ಹೊದ್ದಿರುತ್ತವೆ. ಒಂದೇ ಮನೆಯವು ಬೇರೆ ಬೇರೆ ವೇಷದಲ್ಲಿರುತ್ತವೆ. ವೇಷ ನೋಡದೆ ಮನೆತನ ಹುಡುಕುವುದೇ ನನ್ನ ಕೆಲಸ.

ಕೆಳಗೆ ಹಳ್ಳದ ಪಕ್ಕ ಇಂಥದೇ ಹೂವಿನ ಇನ್ನೊಂದು ಗಿಡ ಇದೆ. ಅದರ ಮೈಯೆಲ್ಲ ಬೋಳು, ಎಲೆ ಅಗಲ. ಅದಕ್ಕೆ ಬಹಳ ಹಿಂದೆಯೇ ಹೆಸರಿಟ್ಟಾಗಿದೆ. ನಮ್ಮದು ಅದಕ್ಕಿಂತ ಬೇರೆ ಅಂತ ತೋರಿಸಬೇಕು. ಅದಕ್ಕೆ ಮೇಲಿನ ಉಣ್ಣೆಗಿಡದ ಬೀಜವನ್ನು ಲೇಹ್‌ನ ತೋಟದಲ್ಲಿ, ಕೆಳಗಿನ ಬೋಳುಗಿಡದ ಬೀಜವನ್ನು ಇಲ್ಲಿ ಮೇಲೆ, ಹೋದ ವರ್ಷ ಚಳಿ ಬೀಳುವ ಮುಂಚೆಯೇ ಬಿತ್ತಿದ್ದೇವೆ. ಜಾಗ ಬದಲಾದರೂ ಉಣ್ಣೆಯದು ಉಣ್ಣೆಯಾಗಿ, ಬೋಳು ಬೋಳಾಗಿ ಉಳಿದರೆ ನಮ್ಮ ಮಾತಿಗೆ ಬಲ.

ಸಕ್ಕರೆ ಹಂಚಿದ್ದು ಓದಿದೆ. ಅಜ್ಜಿ, ನಾನು ಬರೆದಿದ್ದು... ಇರಲಿ ಬಿಡು. ಹುಲಿಯಪ್ಪಜ್ಜನ ಮುಖ ಕಣ್ಣಿಗೆ ಕಟ್ಟಿತು.

ಬೀಜಗಳನ್ನು ನೆನಪಿಗೆಂದು ಕಳಿಸಿದ್ದು. ನಮ್ಮ ಕಡೆಯ ಸೆಕೆಯಲ್ಲಿ ಅವು ಮೊಳೆಯುವುದಿಲ್ಲ. ತಿಂಗಳುಗಟ್ಟಲೆ ಚಳಿಯಲ್ಲಿ ಮಲಗಿ ಎದ್ದರೇ ಅವಕ್ಕೆ ಎಚ್ಚರ. ಸುಮ್ಮನೆ ನಿನ್ನ ಪೆಟ್ಟಿಗೆಯಲ್ಲಿಟ್ಟುಕೋ.

ನಿನ್ನ
ತೇಜು


ಬಿ.ಜಿ. ಕೆರೆ
9 ಜುಲೈ 2025

ತೇಜು,

ವೇಷ ನೋಡದೆ ಮನೆತನ ಹುಡುಕುವುದು ನಿನ್ನ ಕೆಲಸ ಅಂತೀಯ. ಇದಕ್ಕೆ ಅಷ್ಟು ದೂರ ಹೋಗಬೇಕಿತ್ತಾ? ನಮ್ಮಲ್ಲಿ ಗಂಡು ಹೆಣ್ಣು ನೋಡುವ ಮುಂಚೆ ಮೊದಲು ಕೇಳುವುದೇ ಬೆಡಗು, ಯಾವ ಮನೆತನದ ಬೇರು ಅಂತ. ಒಬ್ಬ ಕೆಂಪಗಿರಲಿ, ಇನ್ನೊಬ್ಬಳು ಕಪ್ಪಗಿರಲಿ, ಊರು ಬೇರೆ ಇರಲಿ, ಬೆಡಗು ಒಂದೇ ಆದರೆ ಒಂದೇ ಬೇರಿನವರು, ಅಣ್ಣ ತಂಗಿ. ಅಲ್ಲಿಗೆ ಮದುವೆ ಮಾತು ಮುಗಿಯಿತು. ಇನ್ನು ನಾಯಕನಹಟ್ಟಿ ಸ್ವಾಮಿಯ ಹೆಸರಿನ ತಿಪ್ಪೇಸ್ವಾಮಿಗಳು ನಮ್ಮ ಒಂದು ಬೀದಿಯಲ್ಲೇ ಎಷ್ಟು ಮಂದಿ ಇದ್ದಾರೆ! ಹೆಸರು ಒಂದೇ ಅಂತ ಅವರೆಲ್ಲ ಒಂದು ಮನೆಯವರಾ? ಒಬ್ಬನ ಕೋಳಿ ಇನ್ನೊಬ್ಬನ ಹಿತ್ತಿಲಿಗೆ ಹೋಗಲಿ, ಆಗ ನೋಡು.

ಅಂದ ಹಾಗೆ ಹುಲಿಯಪ್ಪನ ಮೊಮ್ಮಗಳು ಜ್ಯೋತಿಲಕ್ಷ್ಮಿಗೆ ಗಂಡು ಗೊತ್ತಾಗುವ ಹಾಗಿದೆ. ರಾಯದುರ್ಗದ ಕಡೆಯವರು, ತೆಲುಗು ಮನೆಮಾತು. ಇವರದು ಅತ್ತಿಯವರ ಬೆಡಗು, ಅವರು ಮೇಡಿಯವರಂತೆ. ಬೇರೆ ಬೇರೆ ಇದೆ, ತೊಂದರೆಯಿಲ್ಲ. ಆಷಾಢ ಕಳೆದ ಮೊದಲ ಭಾನುವಾರ ನೋಡಲು ಬರುತ್ತಾರೆ. ಹುಲಿಯಪ್ಪ ಗಾಳಿಯಲ್ಲಿ ನಡೆಯುತ್ತಿದ್ದಾನೆ. ಅಂಥಾದ್ದರಲ್ಲೂ ದಿನಾ ನನ್ನನ್ನು ಕೇಳುವುದು ಬಿಟ್ಟಿಲ್ಲ: “ಏನ್ ಕರಿಯಕ್ಕಾ, ನಿನ್ ಗಿಡ ಪೇಪರಿನಾಗೆ ಯಾವಾಗ ಬರ್ತೈತೆ?” ಬರುವ ದಿನ ಆ ಪೇಪರನ್ನು ಅವನ ಬಾಗಿಲಿಗೆ ಅಂಟಿಸುತ್ತೇನೆ, ಹಾಗಂತ ಹೇಳಿದ್ದೇನೆ. ಬೇಗ ಮಾಡು.

ಕಂಬಳಿ ಮೂಲೆ ಇಲಿ ಕಡಿದಿರಬೇಕು. ಪೋಸ್ಟಾಫೀಸಿನ ಇಲಿಗಳಿಗೆ ಕೆಲಸವೇನು.

ಆ ಬೀಜಕ್ಕೆ ಚಳಿ ಅಂದೆಯಲ್ಲ, ಎಷ್ಟು ಚಳಿ ಬೇಕು? ಸುಮ್ಮನೆ ಕೇಳಿದೆ. ನಿನ್ನ ಬೀಜಗಳು ಭದ್ರವಾಗಿವೆ, ತಣ್ಣಗಿವೆ. ಐಸ್‌ಕ್ಯಾಂಡಿ ಅಂಜಿನೇಯ ನಿಮ್ಮಪ್ಪನ ಹತ್ತಿರ ನನ್ನ ಮೇಲೆ ಏನಾದರೂ ಚಾಡಿ ಹೇಳಿ, ಅದು ನಿನ್ನ ಕಿವಿಗೆ ಬಿದ್ದರೆ ನಂಬಬೇಡ. ಅವನ ಡಬ್ಬದಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟರೆ ಅವನ ಗಂಟೇನು ಹೋಯಿತು?

ಇತಿ,
ಕರಿಯಕ್ಕ


ಲೇಹ್
24 ಜುಲೈ 2025

ಅಜ್ಜಿ,

ತೋಟ ನೋಡಲು ಲೇಹ್‌ಗೆ ಇಳಿದಿದ್ದೇನೆ. ಇಲ್ಲಿ ಬಿಸಿಲು ಚೆನ್ನಾಗಿದೆ. ಜರ್ದಾಳು ಹಣ್ಣು ಬಿಟ್ಟಿದೆ. ಊಟ ಚೆನ್ನಾಗಿ ಮಾಡುತ್ತಿದ್ದೇನೆ. ಜ್ಯೋತಿಗೆ ಯಾವ ಬಣ್ಣದ ಸೀರೆ ತೆಗೆದರು? ಹುಡುಗ ಏನು ಓದಿದ್ದಾನೆ? ಅವಳಿಗೆ ಇಷ್ಟವಾ? ಎಲ್ಲ ವಿವರವಾಗಿ ಬರೆ.

ಹೆಸರಿನ ವಿಷಯ ನಿಧಾನ ಅಜ್ಜಿ. ಇಂಥದ್ದೆಲ್ಲ ತಡವಾಗುತ್ತದೆ. ನೀನು ಯಾರಿಗೂ ಏನೂ ಹೇಳಲು ಹೋಗಬೇಡ, ಹೇಳಿದ್ದು ಸಾಕು.

ಇಲ್ಲಿ ಬಿಸಿಲು ಚೆನ್ನಾಗಿದೆ.

ತೇಜು


ಬಿ.ಜಿ. ಕೆರೆ
6 ಆಗಸ್ಟ್ 2025

ತೇಜಶ್ರೀಗೆ,

ಒಂದೇ ಕಾಗದದಲ್ಲಿ ಬಿಸಿಲು ಚೆನ್ನಾಗಿದೆ ಅಂತ ಎರಡು ಸಲ ಬರೆದಿದ್ದೀಯ. ನಿನ್ನ ಮನಸ್ಸಿನಲ್ಲಿ ಏನೋ ಇದೆ. ಹುಡುಗ ಯಾರು? ಆ ಜೀಪಿನವನಾ? ಕಂಬಳಿಯನ್ನು ಹೆಗಲ ಮೇಲೆ ಹೊತ್ತು ತಂದ ಅಂತ ಬರೆದಾಗಲೇ ನನಗೆ ಅನ್ನಿಸಿತ್ತು. ಇದ್ದರೆ ಇರಲಿ, ಅವರ ಕಡೆಯೂ ಬೆಡಗು ಗಿಡಗು ಇರುತ್ತದಾ ಅಂತ ಮೊದಲು ಕೇಳಿಕೋ. ಯಾಕೆ ಹೇಳುತ್ತಿದ್ದೇನೆ ಅಂದರೆ ಇಲ್ಲಿ ಆದದ್ದು ಕೇಳು.

ಭಾನುವಾರ ರಾಯದುರ್ಗದವರು ಬಂದರು. ಹುಡುಗ ನೋಡಲು ಚೆನ್ನಾಗಿದ್ದ. ಜ್ಯೋತಿಲಕ್ಷ್ಮಿಯೂ ಬೇಡ ಅನ್ನಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ, ಬಿ.ಎಡ್. ಮುಗಿಸುತ್ತೇನೆ ಅಂದಳು. ಹಿತ್ತಿಲಲ್ಲಿ ಹೋಳಿಗೆಗೆ ಒಲೆ ಹೂಡಿದ್ದರು. ಅಡುಗೆಯವನು ಹೊರಗಿನವನು, ಅವನಿಗೇನು ಗೊತ್ತು, ತನ್ನ ಗಾಡಿಯಲ್ಲೇ ಸೌದೆ ಹಾಕಿಕೊಂಡು ಬಂದಿದ್ದ. ಒಂದು ದಪ್ಪ ಅತ್ತಿ ಕೊಂಬೆ ಎಳೆದು ಒಲೆಗೆ ಇಡುವುದಕ್ಕೂ, “ಏಯ್, ಬಿಡು ಅದನ್ನ!” ಅಂತ ಹುಲಿಯಪ್ಪನ ಹೆಂಡತಿ ಕಿರುಚುವುದಕ್ಕೂ ಸರಿಹೋಯಿತು. ಅತ್ತಿಯವರ ಬೆಡಗಲ್ಲವಾ, ಅವರು ಅತ್ತಿಮರಕ್ಕೆ ಕೈ ಮುಗಿಯುವವರು, ಸುಡುವುದಿಲ್ಲ. ಆದರೆ ಅವಳಿಗಿಂತ ಮುಂಚೆ ಆ ಕೊಂಬೆಗೆ ಕೈ ಹಾಕಿದ್ದು ಯಾರು ಗೊತ್ತಾ? ಗಂಡಿನ ಅಜ್ಜಿ!

“ವದ್ದು ವದ್ದು! ಮೇಡಿ ಕಟ್ಟಿಗೆ ಒಲೆಗೆ ಇಡಬ್ಯಾಡಪ್ಪ, ಅದು ಮಾ ಇಂಟಿ ದೇವುಡು, ನಮ್ಮನೆ ದೇವ್ರು!”

ಇಬ್ಬರು ಮುದುಕಿಯರೂ ಒಂದೇ ಕೊಂಬೆಯ ಎರಡು ತುದಿ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು. ನನಗೆ ಮೊದಲು ಹೊಳೆಯಿತೋ, ಹುಲಿಯಪ್ಪನಿಗೆ ಹೊಳೆಯಿತೋ ಹೇಳಲಾರೆ. ನಾವು ಕನ್ನಡದಲ್ಲಿ ಅತ್ತಿ ಅನ್ನುವ ಮರವನ್ನೇ ಅವರು ತೆಲುಗಿನಲ್ಲಿ ಮೇಡಿ ಅನ್ನುವುದು. ಇಲ್ಲಿ ಯಾರಿಗೆ ತೆಲುಗು ಬರುವುದಿಲ್ಲ? ರಾಯದುರ್ಗದ ಸಂತೆಯಲ್ಲಿ ಬದನೆಕಾಯಿಗೆ ತೆಲುಗಿನಲ್ಲೇ ಚೌಕಾಸಿ ಮಾಡುತ್ತೇವೆ. ಆದರೆ ಮನೆತನದ ಹೆಸರು ಅಂತ ಕಿವಿಗೆ ಬಿದ್ದಾಗ ಅದರೊಳಗಿನ ಮರ ಯಾರಿಗೂ ಕಾಣಲಿಲ್ಲ. ಕೂತು ಹಿರಿಯರ ಹೆಸರು, ಮನೆದೇವರು ಎಲ್ಲ ತಾಳೆ ನೋಡಿದರು. ಒಂದೇ ಬೇರು. ಎಂದೋ ಅಗಲಿ ಆ ಕಡೆಗೊಬ್ಬರು ಈ ಕಡೆಗೊಬ್ಬರು ಹೋದವರು.

ಹುಲಿಯಪ್ಪ ತಲೆ ಮೇಲೆ ಕೈ ಹೊತ್ತು ಕೂತ. “ಹೋಳಿಗೆ ಎಲ್ಲಾ ದಂಡ ಆತಲ್ಲ!” ಅಂದ. ಗಂಡಿನ ಅಜ್ಜಿ ಬೈದಳು ನೋಡು ಅವನಿಗೆ: “ಎಂದುಕಯ್ಯಾ, ಯಾಕಯ್ಯಾ ದಂಡ? ಬೀಗರಿಗೆ ಮಾಡಿದ ಹೋಳಿಗೆ ಅಣ್ಣತಮ್ಮಂದಿರಿಗೆ ಸೇರಲ್ವಾ? ಹಾಕು ಎಲೆ!” ಎಲೆ ಹಾಕಿದರು. ಹೊಸ ಸಂಬಂಧ ಸಿಕ್ಕಿತು ಅಂತ ಸಕ್ಕರೆಯನ್ನೂ ಹಂಚಿದರು. ಮಂಗಳವಾರ ನಾಗರಪಂಚಮಿ ಬಂತು, ತಂಗಿಯರು ಅಣ್ಣಂದಿರ ಬೆನ್ನಿಗೆ ಹಾಲೆರೆಯುವ ಹಬ್ಬ. ಹೆಣ್ಣು ನೋಡಲು ಬಂದಿದ್ದ ಹುಡುಗ ಮತ್ತೆ ಬಂದು ಬೆನ್ನು ಬಗ್ಗಿಸಿ ಕೂತ. ನಮ್ಮ ಜ್ಯೋತಿ ನಗುತ್ತಾ ಅಣ್ಣನ ಬೆನ್ನಿಗೆ ಹಾಲು ಹಾಕಿದಳು. ನಾನು ಇಷ್ಟು ವರ್ಷದಲ್ಲಿ ಇಂಥ ತಮಾಷೆ ನೋಡಿರಲಿಲ್ಲ.

ಇನ್ನು ನಿನಗೆ ಸಂತೋಷದ ಸುದ್ದಿ. ನಿನ್ನ ಬೀಜ ಮೊಳೆತಿದೆ! ಹೌದು, ಇಲ್ಲೇ, ನಮ್ಮ ಮನೆಯಲ್ಲಿ. ನಿನ್ನ ಮೊದಲ ಕಾಗದದಲ್ಲೇ ಹಿಮ ಅಂತ ಓದಿದ್ದೆನಲ್ಲ, ಅದಕ್ಕೆ ಬಂದ ದಿನದಿಂದಲೇ ಬೆಂಕಿಪೊಟ್ಟಣದಲ್ಲಿಟ್ಟು ಅಂಜಿನೇಯನ ಐಸ್ ಡಬ್ಬದಲ್ಲಿ ಮಲಗಿಸಿದ್ದೆ. ಆಮೇಲೆ ಬಚ್ಚಲಮನೆ ಹಿಂದೆ, ನೀರಿನ ಹರವಿಯ ನೆರಳಿನಲ್ಲಿ ಕುಂಡದಲ್ಲಿ ಹಾಕಿದೆ. ಎಲ್ಲ ಸತ್ತು ಒಂದೇ ಒಂದು ಎದ್ದಿತು. ಈಗ ನಾಲ್ಕು ಎಲೆ. ನೀನು ಬರೆದ ಹಾಗೇ ಮೈತುಂಬ ಉಣ್ಣೆ. ಹುಲಿಯಪ್ಪನಿಗೂ ತೋರಿಸಿದೆ, ಬಾಯಿ ಮುಚ್ಚಿಕೊಂಡು ಹೋದ.

ಇತಿ,
ಕರಿಯಕ್ಕ, ಗಿಡದವಳೇ


ಟೆಂಟು
18 ಆಗಸ್ಟ್ 2025

ಅಜ್ಜಿ,

ನಿನ್ನ ಕಾಗದ ಓದಿ ಕೂತಲ್ಲೇ ಕೂತಿದ್ದೇನೆ. ಜ್ಯೋತಿಯ ಪಂಚಮಿ ಓದಿ ನಕ್ಕು ನಕ್ಕು ಸಾಕಾಗಿತ್ತು. ಆಮೇಲೆ ಕೊನೆಯ ಸಾಲು ಓದಿದೆ.

ನಿನಗೆ ಒಂದು ವಿಷಯ ಮುಚ್ಚಿಟ್ಟಿದ್ದೆ. ಜುಲೈನಲ್ಲಿ ಲೇಹ್ ತೋಟಕ್ಕೆ ಹೋದಾಗ ನಮ್ಮ ಉಣ್ಣೆಗಿಡದ ಸಸಿಗಳೆಲ್ಲ ಬೋಳಾಗಿ ಎದ್ದಿದ್ದವು. ಮೇಲೆ ಬಿತ್ತಿದ್ದ ಬೋಳುಗಿಡದ ಸಸಿಗಳು ಉಣ್ಣೆ ಬಿಡಲು ಶುರುಮಾಡಿವೆ. ಎಲೆ ಅರೆದು ಮಾಡುವ ಪರೀಕ್ಷೆಯಲ್ಲೂ ಎರಡಕ್ಕೂ ವ್ಯತ್ಯಾಸ ಬರಲಿಲ್ಲ. ಅಂದರೆ ಎರಡೂ ಒಂದೇ ಗಿಡ. ಚಳಿ ಹೆಚ್ಚಿರುವಲ್ಲಿ ಉಣ್ಣೆ ಹೊದೆಯುತ್ತದೆ, ಬೆಚ್ಚಗಿರುವಲ್ಲಿ ಬಿಚ್ಚಿಡುತ್ತದೆ, ಅಷ್ಟೇ. ಹೊಸದಲ್ಲ. ಹೊಸದಲ್ಲದಿದ್ದರೆ ಹೊಸ ಹೆಸರೂ ಇಲ್ಲ. ನೀನು ಆಗಲೇ ಬೀದಿಗೆಲ್ಲ ಸಕ್ಕರೆ ಹಂಚಿದ್ದೆ, ಹೇಗೆ ಹೇಳಲಿ? ಅದಕ್ಕೇ ಬಿಸಿಲಿನ ಬಗ್ಗೆ ಬರೆದೆ. ಜೀಪಿನವನಿಗೆ ಮೂರು ಮಕ್ಕಳಿದ್ದಾರೆ.

ಎರಡೂ ಒಂದೇ ಅಂತ ಬರೆದ ಲೇಖನ ಈ ವಾರ ಕಳಿಸಬೇಕಿತ್ತು. ಅಷ್ಟರಲ್ಲಿ ನಿನ್ನ ಕಾಗದ! ಬಿ.ಜಿ. ಕೆರೆಯ ಸೆಕೆಯಲ್ಲೂ ಅದು ಉಣ್ಣೆ ಬಿಟ್ಟಿದೆ ಅಂದರೆ ನಾನು ತಿಳಿದಿದ್ದೇ ತಪ್ಪು. ಉಣ್ಣೆ ಚಳಿಯಿಂದ ಬಂದದ್ದಲ್ಲ, ವಂಶದಿಂದ ಬಂದದ್ದು. ನನ್ನ ಗೈಡ್ ಮೇಡಂ ಮೊದಲು ನಕ್ಕರು. ಒಂದು ಕುಂಡದ ಮಾತಿಗೆ ಲೆಕ್ಕವಿಲ್ಲ ಅಂದರು. ನಿಜ. ಆದರೂ ನನಗೆ ಸಮಾಧಾನವಿಲ್ಲ. ನಾನೇ ಬಿತ್ತುವಾಗ ಬೀಜ ಅದಲುಬದಲು ಮಾಡಿದ್ದೆನಾ? ಹೆಸರು ಇನ್ನೂ ಬರಬಹುದಾ? ಲೇಖನ ತಡೆಹಿಡಿಯಿರಿ ಅಂತ ಕೇಳಿಕೊಂಡಿದ್ದೇನೆ. ಬೇಕಾದರೆ ಇನ್ನೊಂದು ವರ್ಷ ಇಲ್ಲೇ ಇದ್ದು ಮೊದಲಿನಿಂದ ಬಿತ್ತುತ್ತೇನೆ. ಆದರೆ ದೀಪಾವಳಿಗೆ ಬರುವುದು ಆಗಲಿಕ್ಕಿಲ್ಲ.

ಒಂದು ಎಲೆ ಕಿತ್ತು, ಹಳೆ ಪೇಪರಿನ ನಡುವೆ ಒತ್ತಿ, ಒಣಗಿಸಿ ಕಳಿಸು. ಬೇಗ. ನಿನ್ನ ಗಿಡದ ಮೇಲೆ ಎಲ್ಲ ನಿಂತಿದೆ.

ತೇಜು


ಬಿ.ಜಿ. ಕೆರೆ
30 ಆಗಸ್ಟ್ 2025
(ಸ್ಪೀಡ್ ಪೋಸ್ಟ್)

ಲೇ ತೇಜು,

ಲೇಖನ ಕಳಿಸು! ಈ ಕಾಗದ ಓದಿ ಮುಗಿಸುವ ಮುಂಚೆಯೇ ಕಳಿಸು!

ಗಿಡ ಬೋಳು. ಎಳೆಗೂಸಿನ ಅಂಗೈ ಥರಾ ಬೋಳು. ಮೊದಲ ಎಲೆ ಬಂದಾಗಲೇ ಬೋಳಾಗಿತ್ತು. ನಾನು ಏನೋ ತಪ್ಪು ಮಾಡಿದೆ, ಅದಕ್ಕೇ ರೋಗ ಬಂತು ಅಂದುಕೊಂಡೆ. ಉಣ್ಣೆ ಉದುರಿದ ಕುರಿಗೆ ಬೇವಿನೆಣ್ಣೆ ಸವರುತ್ತೇವಲ್ಲ, ಹಾಗೇ ಬೆರಳಲ್ಲಿ ಒಂದು ತೊಟ್ಟು ಸವರಿದೆ. ಏನೂ ಹುಟ್ಟಲಿಲ್ಲ. ಹುಲಿಯಪ್ಪ ನೋಡಲು ಬರುತ್ತೇನೆ ಅಂತ ದಿನಾ ಪೀಡಿಸುತ್ತಿದ್ದ. ಬೋಳು ಗಿಡ ತೋರಿಸಿದರೆ ಅವನು ಊರೆಲ್ಲ ಡಂಗುರ ಸಾರುತ್ತಾನೆ. ಅದಕ್ಕೆ ಕಂಬಳಿ ತುಂಡಿನಿಂದ ಎಳೆ ಹಿಂಜಿ, ಎಲೆಯ ಸುತ್ತ ಮೆತ್ತಗೆ ಸುತ್ತಿದೆ. ಆ ಉಣ್ಣೆ ಚಳ್ಳಕೆರೆಯ ಕುರಿಯದು ಕಣೇ! ಅವನು ಬಗ್ಗಿ ನೋಡಿ, “ಕರಿಯಕ್ಕಾ, ಬೆಳ್ಳಗೈತೆ ಅಂದಿದ್ದೆ, ಇದು ಕರ್ರಗೈತಲ್ಲ?” ಅಂದ. “ನನ್ ಹೆಸರಿಂದು, ಇನ್ನೆಂಗಿರ್ತೈತೆ?” ಅಂದೆ. ನಂಬಿಕೊಂಡು ಹೋದ. ಅದೇ ಗುಂಗಿನಲ್ಲಿ ನಿನಗೂ ಮೈತುಂಬ ಉಣ್ಣೆ ಅಂತ ಬರೆದೆ. ಉಣ್ಣೆ ಇದ್ದದ್ದು ಸುಳ್ಳಲ್ಲ, ಅದರದ್ದಾಗಿರಲಿಲ್ಲ, ಅಷ್ಟೇ.

ಆ ಒಂದು ಸಾಲಿಗೆ ನೀನು ಇನ್ನೊಂದು ವರ್ಷ ಹಿಮದಲ್ಲಿ ಕೂರುತ್ತೀಯ ಅಂತ ನನಗೇನು ಗೊತ್ತು? ನಿನ್ನ ಕಾಗದ ಓದಿ ಅನ್ನ ಸೇರಲಿಲ್ಲ. ನೀನು ಬಿತ್ತಿದ್ದು ಸರಿಯಾಗಿದೆ. ಬೀಜ ಅದಲುಬದಲಾಗಿಲ್ಲ. ಆ ಮೇಡಂ ನಕ್ಕಿದ್ದೂ ಸರಿ. ನನಗೆ ಒಂದು ಹೆಸರಿನ ಆಸೆ ಇತ್ತು, ಅದು ನಿಜ. ಆದರೆ ಕಂಬಳಿ ಸುತ್ತಿ ತಂದ ಹೆಸರು ನನಗೆ ಬೇಡ, ಮಳೆ ಬಂದರೆ ಬಿಚ್ಚಿಹೋಗುತ್ತದೆ.

ಎಲೆ ಕಿತ್ತು ಕಳಿಸಿದ್ದೇನೆ. ನಾಲ್ಕರಲ್ಲಿ ದೊಡ್ಡದನ್ನೇ ಕಿತ್ತೆ. ಬೇವಿನೆಣ್ಣೆ ವಾಸನೆ ಬಂದರೆ ಸಹಿಸಿಕೋ.

ಇನ್ನೊಂದು. ಕಂಬಳಿ ಮೂಲೆಯನ್ನು ಇಲಿ ಕಡಿದದ್ದಲ್ಲ. ಪಾರ್ಸಲ್ ಕಟ್ಟುವ ಮುಂಚೆ ನಾನೇ ಕತ್ತರಿಸಿ ಇಟ್ಟುಕೊಂಡೆ. ಅಷ್ಟು ದೂರ ಹೋಗುತ್ತಿದೆ, ಒಂದು ತುಂಡು ಇಲ್ಲಿರಲಿ ಅನ್ನಿಸಿತು. ಯಾಕೆ ಅಂತ ಕೇಳಬೇಡ.

ಕರಿಯಕ್ಕ (ಬರೀ)


ಲೇಹ್
9 ಸೆಪ್ಟೆಂಬರ್ 2025

ನನ್ನ ಬಂಗಾರದ ಸುಳ್ಳಿ ಅಜ್ಜಿ,

ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಕೂತು ಓದಿದೆ. ಕುರಿಯ ಉಣ್ಣೆ ಅನ್ನುವ ಜಾಗಕ್ಕೆ ಬಂದಾಗ ನನ್ನ ನಗು ಕೇಳಿ ಒಬ್ಬ ಲಾಮಾ ತಿರುಗಿ ನೋಡಿದರು. ಅವರಿಗೂ ಹೇಳಿದೆ. ನನ್ನ ಹಿಂದಿಯಲ್ಲಿ ಎಷ್ಟು ತಿಳಿಯಿತೋ, ಅವರೂ ನಕ್ಕರು. ಮೇಡಂಗೆ ಹೇಳಿದೆ. ಅವರು ಎಲೆಯನ್ನು ಮೂಸಿ, “ಬೇವು!” ಅಂದು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಲೇಖನ ಕಳಿಸಿಯಾಯಿತು. ಇನ್ನು ಮೇಲೆ ಆ ಎರಡು ಗಿಡ ಒಂದೇ. ಹಳೆಯ ಹೆಸರೇ ಉಳಿಯುತ್ತದೆ. ನಿನ್ನ ಎಲೆ ಲೇಖನದಲ್ಲಿ ಲೆಕ್ಕಕ್ಕಿಲ್ಲ, ಅದು ನನ್ನ ಹತ್ತಿರವೇ ಇರುತ್ತದೆ. ಅಜ್ಜಿ, ವಿಚಿತ್ರ ಏನು ಗೊತ್ತಾ? ಸೋತ ಹಾಗೆ ಅನ್ನಿಸಬೇಕಿತ್ತು, ಅನ್ನಿಸಲೇ ಇಲ್ಲ. ಮೇಲೆ ಹೋಗಿ ಆ ಉಣ್ಣೆಮುದ್ದೆಯ ಮುಂದೆ ಕೂತು ನೋಡಿದೆ. ಅದೇ ಜೀವ ಕೆಳಗೆ ಹಳ್ಳದ ಪಕ್ಕ ಬರಿಮೈಯಲ್ಲಿ ಕಾಲು ಚಾಚಿ ಬಿಸಿಲು ಕಾಯಿಸುತ್ತದೆ, ಇಲ್ಲಿ ಮೈತುಂಬ ಹೊದ್ದು ದುಂಬಿಗಳಿಗೆ ಜಾಗ ಕೊಡುತ್ತದೆ. ಹೊಸ ಗಿಡ ಸಿಗುವುದಕ್ಕಿಂತ ಇದು ನನಗೆ ಹೆಚ್ಚು ಇಷ್ಟವಾಯಿತು.

ಆದರೆ ನಿನ್ನ ಸಕ್ಕರೆ? ಹುಲಿಯಪ್ಪಜ್ಜ? ಅದೊಂದೇ ಚಿಂತೆ. ನಮ್ಮ ಜೀಪಿನವನು ಆ ಗಿಡವನ್ನು ಈಗಲೂ ‘ಕರಿಯಕ್ಕ’ ಅಂತಲೇ ಕರೆಯುತ್ತಾನೆ, ಅದೇ ಅಭ್ಯಾಸವಾಗಿದೆ. ಪುಸ್ತಕದಲ್ಲಿ ಮಾತ್ರ ಇಲ್ಲ.

ಮುಂದಿನ ತಿಂಗಳು ಟೆಂಟು ಕಳಚುತ್ತೇವೆ. ದೀಪಾವಳಿಗೆ ಬರುತ್ತಿದ್ದೇನೆ.

ತೇಜು


ಬಿ.ಜಿ. ಕೆರೆ
21 ಸೆಪ್ಟೆಂಬರ್ 2025

ತೇಜಶ್ರೀಗೆ ಅಜ್ಜಿ ಬರೆಯುವುದು.

ಆ ಜೀಪಿನವನಿಗೆ ಹೇಳು, ನನ್ನ ಮುಖ ನೋಡದವನು ಬರೀ ಕರಿಯಕ್ಕ ಅನ್ನಬಾರದು, ಕರಿಯಕ್ಕನವರು ಅನ್ನಬೇಕು.

ನಿನ್ನ ಕಾಗದ ಬಂದ ದಿನವೇ ಇದನ್ನು ಮುಗಿಸಿಬಿಡೋಣ ಅಂತ ಕುಂಡ ಎತ್ತಿಕೊಂಡು ಹೋದೆ. ಹುಲಿಯಪ್ಪನ ಜಗುಲಿಯಲ್ಲಿ ಬೀದಿಯ ಅರ್ಧ ಜನ ಕೂತಿದ್ದರು. ಐಸ್ ಡಬ್ಬದ ಅಂಜಿನೇಯನೂ ಇದ್ದ. ಎಲ್ಲರೆದುರು ಕಂಬಳಿ ಎಳೆ ಬಿಚ್ಚಿದೆ.

“ನೋಡ್ಕಳ್ರಪ್ಪ. ಗಿಡ ಬೋಳು. ಉಣ್ಣೆ ನಾನು ಸುತ್ತಿದ್ದು. ಇದು ಹೊಸಾದಲ್ಲ, ಹಳೇದೇ. ಇದಕ್ಕೆ ನನ್ ಹೆಸರು ಬರಲ್ಲ. ಸಕ್ಕರೆ ತಿಂದೋರು ಉಗಿಯೋದಿದ್ರೆ ಉಗೀರಿ.”

ಹುಲಿಯಪ್ಪ ಬಗ್ಗಿ ಗಿಡವನ್ನೇ ನೋಡುತ್ತಾ ಕೂತ. ಈಗ ಬಾಯಿ ಬಿಡುತ್ತಾನೆ ಅಂತ ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ರೆಡಿಯಾದೆ.

“ಹಳೇದು ಅಂದ್ರೆ? ಯಾವ್ದು ಹಳೇದು?” ಅಂದ.

ನೀನು ಬರೆದದ್ದನ್ನೆಲ್ಲ ಹೇಳಿದೆ. ಮೇಲೆ ಉಣ್ಣೆಯದು, ಕೆಳಗೆ ಬೋಳು, ನೋಡಿದವರೆಲ್ಲ ಬೇರೆ ಬೇರೆ ಅಂದುಕೊಂಡಿದ್ದರು, ಬೀಜ ಬಿತ್ತಿ ನೋಡಿದರೆ ಎರಡೂ ಒಂದೇ ಅಂತ ನಮ್ಮ ತೇಜು ಕಂಡುಹಿಡಿದಳು ಅಂದೆ.

“ಅಂದ್ರೆ ನಮ್ ಅತ್ತಿಯೋರು, ಮೇಡಿಯೋರು ಆದಂಗೆ?”

“ಹಂಗೇ.”

“ಅವತ್ತು ನಾವು ಸಕ್ಕರೆ ಹಂಚಿದ್ವಿ ತಾನೆ?”

“ಹಂಚಿದ್ರಿ.”

“ಹಂಗಾದ್ರೆ ಇದಕ್ ಯಾಕೆ ಅಳು ಮುಖ ಮಾಡ್ಕಂಡು ಬಂದಿದೀಯ? ನಿನ್ ಮೊಮ್ಮಗಳು ಎರಡ್ ಮನೆ ಸೇರಿಸಿದಾಳೆ. ಲೇ ಅಂಜಿನೇಯ, ಎದ್ದೇಳು, ಅಂಗಡಿಗ್ ಹೋಗಿ ಸಕ್ಕರೆ ತಗಂಬಾ. ನನ್ ಲೆಕ್ಕಕ್ಕೆ ಬರ್ಸು.”

ತೇಜು, ಸಿಕ್ಕಿಸಿದ್ದ ಸೆರಗು ಬಿಚ್ಚಿ ಅವನ ಪಕ್ಕದಲ್ಲೇ ಕೂತೆ. ಇದನ್ನು ಯಾರಿಗೂ ಹೇಳಬೇಡ. ಸಕ್ಕರೆ ಬಂತು. ಅವನು ಒಂದು ತಟ್ಟೆ, ನಾನೊಂದು ತಟ್ಟೆ ಹಿಡಿದು ಬೀದಿಯ ಎರಡು ಕಡೆಯಿಂದ ಹೊರಟೆವು. ಹೊರಡುವ ಮುಂಚೆ, “ಏನಂತ ಹೇಳಿ ಹಂಚ್ಲಿ ಕರಿಯಕ್ಕಾ?” ಅಂದ.

“ಅಗಲಿದ್ದೋರು ಸಿಕ್ಕರು ಅನ್ನು,” ಅಂದೆ.

ಜ್ಯೋತಿಲಕ್ಷ್ಮಿ ರಾಯದುರ್ಗದ ಅಣ್ಣನಿಗೂ ಒಂದು ಪೊಟ್ಟಣ ಕಟ್ಟಿ ಕಳಿಸಿದಳು.

ಗಿಡಕ್ಕೆ ಮೂರು ಎಲೆ ಉಳಿದಿದೆ. ನೀನು ಬರುವ ತನಕ ಇರುತ್ತದೋ ಇಲ್ಲವೋ, ಸೆಕೆ ಅದಕ್ಕೆ ಒಗ್ಗುವುದಿಲ್ಲ. ಈಗ ಯಾರು ನೋಡಲು ಬಂದರೂ ಬೋಳು ಮೈಯಲ್ಲೇ ತೋರಿಸುತ್ತೇನೆ. ನಾಚಿಕೆಯಿಲ್ಲದೆ ನಿಂತಿರುತ್ತದೆ, ಥೇಟ್ ನನ್ನ ಹಾಗೆ.

ಕಂಬಳಿ ಮೂಲೆಯನ್ನು ತೊಳೆದು ಒಣಹಾಕಿದ್ದೇನೆ. ಪೋಸ್ಟಿನಲ್ಲಿ ಕಳಿಸುವುದಿಲ್ಲ. ಬರುವಾಗ ನೀನೇ ಕಂಬಳಿ ಹೊದ್ದುಕೊಂಡು ಬಾ, ದಬ್ಬಣ, ದಾರ ತೆಗೆದಿಟ್ಟಿರುತ್ತೇನೆ.

ಇತಿ,
ಕರಿಯಕ್ಕ